ನೇಕಾರರು ಗೆದ್ದ ಕಪ್ ಧಣಿಗಳ ದಾನವಲ್ಲ

ದುಡಿಯುವವರು ಹೋರಾಡಿ ಪಡೆದುದನ್ನು ಉಳ್ಳವರು ಕರುಣೆಯಿಂದ ಕೊಟ್ಟರೆಂದು ಬರೆಯುವುದು ಹಳೆಯ ಚಾಳಿ. ವಾರದ ರಜೆಯಾಗಲಿ, ಕೆಲಸದ ಗಂಟೆಗಳ ಮಿತಿಯಾಗಲಿ, ಬೋನಸ್ಸಾಗಲಿ, ಲೇಖನಿ ಹಿಡಿದವನು ಧಣಿಯ ಪಕ್ಷದವನಾದರೆ ಅವೆಲ್ಲ ಯಾವನೋ ಒಬ್ಬ ಉದಾರಿಯ ಕೃಪೆಯಾಗಿ ಮಾರ್ಪಡುತ್ತವೆ. ಸಭೆ ಸೇರಿದವರು, ಪಗಾರ ಕಳೆದುಕೊಂಡವರು, ಕೆಲಸದಿಂದ ಹೊರಬಿದ್ದವರು ಪುಟದ ಅಂಚಿಗೆ ಸರಿದು ಕಡೆಗೆ ಪುಟದಿಂದಲೇ ಮಾಯವಾಗುತ್ತಾರೆ. ಈಗ ಆಟದ ಚರಿತ್ರೆಗೂ ಇದೇ ಬಣ್ಣ ಬಳಿಯಲಾಗಿದೆ. ಅದನ್ನು ಕಂಡೂ ಸುಮ್ಮನಿರುವುದು ಕಾರ್ಮಿಕರ ಪತ್ರಿಕೆಗೆ ಸಲ್ಲದು.

2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಇಂಗ್ಲಿಷ್ ಗೇಮ್’ ಎಂಬ ಧಾರಾವಾಹಿ ಬಂದಿತು. ನಮ್ಮ ತರುಣರಲ್ಲಿ ಹಲವರು ಪಾಳಿ ಮುಗಿಸಿ ಬಂದು ಮೊಬೈಲಿನಲ್ಲಿ ಅದನ್ನು ನೋಡಿದ್ದಾರೆ, ಮೆಚ್ಚಿದ್ದಾರೆ. ಇಂಗ್ಲೆಂಡಿನ ಎಫ್.ಎ. ಕಪ್ ಫುಟ್‌ಬಾಲ್ ಪಂದ್ಯಾವಳಿಯನ್ನು 1883ರಲ್ಲಿ ಗಿರಣಿ ಕಾರ್ಮಿಕರ ತಂಡವೊಂದು ಗೆದ್ದ ಕಥೆ ಅದು. ಅದನ್ನು ರೂಪಿಸಿದವರಲ್ಲಿ ಒಬ್ಬರು ಬ್ರಿಟಿಷ್ ಸಂಸತ್ತಿನ ಮೇಲ್ಮನೆಯ ಲಾರ್ಡ್ ಜೂಲಿಯನ್ ಫೆಲೋಸ್. ಕಥೆ ರಂಜಕವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದರಲ್ಲಿ ಕಾರ್ಮಿಕರ ಗೆಲುವಿಗೆ ದಾರಿ ತೆರೆಯುವುದು ಒಬ್ಬ ಶ್ರೀಮಂತನ ಮನಸ್ಸು ಕರಗುವುದರಿಂದ. ಗೆದ್ದ ತಂಡದ ನಿಜವಾದ ಹೆಸರೂ ಅಲ್ಲಿ ಉಳಿದಿಲ್ಲ. ಬರೀ ‘ಬ್ಲ್ಯಾಕ್‌ಬರ್ನ್’ ಎಂದು ಕರೆದು, ಆ ತಂಡದಲ್ಲಿ ಎಂದೂ ಆಡದ ಫರ್ಗಸ್ ಸೂಟರ್ ಎಂಬ ಆಟಗಾರರನ್ನು ನಾಯಕನ ಪಾತ್ರದಲ್ಲಿ ನಿಲ್ಲಿಸಿದ್ದಾರೆ.

ಕಪ್ ಗೆದ್ದದ್ದು ಬ್ಲ್ಯಾಕ್‌ಬರ್ನ್ ಒಲಿಂಪಿಕ್. ಸೂಟರ್ ಆಡುತ್ತಿದ್ದುದು ಅದೇ ಊರಿನ ಪ್ರತಿಸ್ಪರ್ಧಿ ತಂಡವಾದ ಬ್ಲ್ಯಾಕ್‌ಬರ್ನ್ ರೋವರ್ಸಿನಲ್ಲಿ. ಕಥೆಗಾರನಿಗೆ ಇಷ್ಟು ಸ್ವಾತಂತ್ರ್ಯ ಇರಬೇಡವೇ ಎಂದು ಕೆಲವರು ಕೇಳಬಹುದು. ಇರಲಿ. ಆದರೆ ಆ ಸ್ವಾತಂತ್ರ್ಯ ಪ್ರತಿ ಸಾರಿಯೂ ಬಡವನ ಹೆಸರನ್ನೇ ಅಳಿಸಿ ಧಣಿಯ ಹೆಸರನ್ನೇ ಉಳಿಸುವುದೇಕೆ? ನಡೆದುದೇನೆಂದು ನಾವು ಹೇಳುತ್ತೇವೆ, ತೀರ್ಪು ಓದುಗರದು.

ಯಾರ ಆಟ, ಯಾರ ಸಮಯ?

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಸಂಘ ಸ್ಥಾಪನೆಯಾದದ್ದು 1863ರಲ್ಲಿ. ಸೋತವರು ಹೊರಬಿದ್ದು ಗೆದ್ದವರು ಮುಂದೆ ಹೋಗುವ ಕಪ್ ಪಂದ್ಯಾವಳಿ ಶುರುವಾದದ್ದು 1871-72ರಲ್ಲಿ. ಮೊದಲ ವರ್ಷ ಹೆಸರು ಕೊಟ್ಟ ತಂಡಗಳು ಕೇವಲ 15. 1872ರಿಂದ 1882ರವರೆಗಿನ ಹನ್ನೊಂದು ವರ್ಷಗಳ ವಿಜೇತರ ಪಟ್ಟಿಯನ್ನು ನೋಡಿ: ವಾಂಡರರ್ಸ್ ಐದು ಬಾರಿ, ಓಲ್ಡ್ ಈಟೋನಿಯನ್ಸ್ ಎರಡು ಬಾರಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ರಾಯಲ್ ಎಂಜಿನಿಯರ್ಸ್ ಎಂಬ ಸೇನಾಧಿಕಾರಿಗಳ ತಂಡ, ಕ್ಲ್ಯಾಪಮ್ ರೋವರ್ಸ್, ಓಲ್ಡ್ ಕಾರ್ತೂಸಿಯನ್ಸ್. ಎಲ್ಲವೂ ದಕ್ಷಿಣದವು, ಈಟನ್, ಚಾರ್ಟರ್‌ಹೌಸ್‌ಗಳಂಥ ಸಿರಿವಂತರ ಶಾಲೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಸೇನೆಯ ಅಧಿಕಾರಿ ವರ್ಗದಲ್ಲಿ ಬೆಳೆದವರ ತಂಡಗಳು.

ಇವರು ಹುಟ್ಟಿನಿಂದಲೇ ಒಳ್ಳೆಯ ಆಟಗಾರರಾಗಿದ್ದರೇ? ಹಾಗೇನಿಲ್ಲ. ಅವರ ಬಳಿ ಇದ್ದು ಗಿರಣಿಯವನ ಬಳಿ ಇಲ್ಲದಿದ್ದುದು ಒಂದೇ ವಸ್ತು: ಸಮಯ. ಶಾಲೆಯಲ್ಲಿ ಮೈದಾನವಿತ್ತು, ಆಡಲು ದಿನವಿಡೀ ಬಿಡುವಿತ್ತು. ಶಾಲೆ ಬಿಟ್ಟ ಮೇಲೆ ಹೊಟ್ಟೆಪಾಡಿನ ಚಿಂತೆಯಿರಲಿಲ್ಲ. ಉತ್ತರದ ಲ್ಯಾಂಕಾಷೈರ್ ಪ್ರಾಂತ್ಯದ ನೇಕಾರನಾದರೋ ಭೋಂಗಾ ಕೂಗುವ ಮೊದಲೇ ಮಗ್ಗದ ಮುಂದೆ ನಿಲ್ಲಬೇಕು, ಒಂದು ದಿನ ತಪ್ಪಿದರೆ ಒಂದು ದಿನದ ಅನ್ನ ಹೋಯಿತು.

ಹಾಗಾದರೆ ಲ್ಯಾಂಕಾಷೈರಿಗೆ ಆಟ ಹೇಗೆ ಬಂತು? ಕಾನೂನಿನಿಂದ ಬಂತು, ಕಾನೂನು ಹೋರಾಟದಿಂದ ಬಂತು. ಹತ್ತು ಗಂಟೆಯ ಕೆಲಸಕ್ಕಾಗಿ ವರ್ಷಗಟ್ಟಲೆ ನಡೆದ ಚಳವಳಿಯ ಫಲವಾಗಿ 1847ರಲ್ಲಿ ಒಂದು ಕಾಯಿದೆಯಾಯಿತು. 1850ರ ಇನ್ನೊಂದು ಕಾಯಿದೆ, ಬಟ್ಟೆ ಗಿರಣಿಗಳಲ್ಲಿ ಹೆಂಗಸರೂ ಎಳೆಯರೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ನಂತರ ದುಡಿಯಕೂಡದೆಂದು ವಿಧಿಸಿತು. ಅವರಿಲ್ಲದೆ ಗಿರಣಿ ನಡೆಯುವಂತಿರಲಿಲ್ಲ. ಆದ್ದರಿಂದ ಗಂಡಸರಿಗೂ ಶನಿವಾರದ ಅರ್ಧ ದಿನ ದಕ್ಕಿತು. 1874ರ ಕಾಯಿದೆ ವಾರದ ಗಂಟೆಗಳನ್ನು ಮತ್ತಷ್ಟು ಇಳಿಸಿತು. ಇಂದು ಜಗತ್ತೆಲ್ಲ ಕಣ್ಣರಳಿಸಿ ನೋಡುವ ಶನಿವಾರದ ಇಂಗ್ಲಿಷ್ ಫುಟ್‌ಬಾಲ್ ಈ ಅರ್ಧ ದಿನದ ಕೂಸು. ಯಾವ ಲಾರ್ಡನೂ ಅದನ್ನು ಹಡೆಯಲಿಲ್ಲ.

ಡಾರ್ವೆನ್ನಿನ ಮೂರು ಪ್ರಯಾಣ

ಸಮಯದ ಬೆಲೆಯೇನೆಂದು ತಿಳಿಯಬೇಕಾದರೆ 1879ರಲ್ಲಿ ಬ್ಲ್ಯಾಕ್‌ಬರ್ನಿನ ನೆರೆಯ ಗಿರಣಿ ಊರಾದ ಡಾರ್ವೆನ್ನಿಗೆ ಆದುದನ್ನು ನೋಡಬೇಕು. ಆ ಊರಿನ ತಂಡ ಕಪ್ ಪಂದ್ಯಾವಳಿಯಲ್ಲಿ ಮುಂದೆ ಮುಂದೆ ಹೋಗಿ ಓಲ್ಡ್ ಈಟೋನಿಯನ್ಸಿಗೆ ಎದುರಾಯಿತು. ಪಂದ್ಯ ಲಂಡನ್ನಿನ ಓವಲ್ ಮೈದಾನದಲ್ಲಿ. ಡಾರ್ವೆನ್ನಿನವರು ಇನ್ನೂರು ಮೈಲಿಗೂ ಮಿಕ್ಕಿ ರೈಲಿನಲ್ಲಿ ಹೋಗಿ ಆಡಿದರು. ಆಟ ಮುಗಿಯುತ್ತ ಬಂದಾಗ 1-5 ಗೋಲುಗಳಿಂದ ಹಿಂದಿದ್ದವರು ಛಲ ಬಿಡದೆ ನಾಲ್ಕು ಗೋಲು ಹೊಡೆದು 5-5 ಮಾಡಿದರು. ಹೆಚ್ಚಿನ ಸಮಯ ಆಡಿ ಅಂದೇ ಇತ್ಯರ್ಥ ಮಾಡೋಣವೆಂದರೆ ಈಟನ್ನಿನವರು ಒಪ್ಪಲಿಲ್ಲ.

ಒಪ್ಪದಿದ್ದರೆ ಅವರಿಗೇನು ನಷ್ಟ? ಅವರ ಮನೆ ಹತ್ತಿರ, ಕಿಸೆ ತುಂಬ. ಡಾರ್ವೆನ್ನಿನವರು ಮತ್ತೆ ಲಂಡನ್ನಿಗೆ ಬರಬೇಕಾಯಿತು. ಮತ್ತೆ ರೈಲಿನ ಚಾರ್ಜು, ಮತ್ತೆ ಕಳೆದ ಪಗಾರ. ಊರವರು ವಂತಿಗೆ ಎತ್ತಿ ಕಳುಹಿಸಿದರು. ಎರಡನೆಯ ಪಂದ್ಯ 2-2. ಮೂರನೆಯ ಬಾರಿ ಅದೇ ದಾರಿ, ಅದೇ ಮೈದಾನ. ಈ ಸಲ 2-6ರಿಂದ ಸೋತರು. ಆ ವರ್ಷದ ಕಪ್ಪನ್ನು ಓಲ್ಡ್ ಈಟೋನಿಯನ್ಸ್ ಎತ್ತಿಕೊಂಡಿತು. ಡಾರ್ವೆನ್ ಸೋತದ್ದು ಕಾಲಿನ ಆಟದಲ್ಲೋ, ರೈಲಿನ ಟಿಕೇಟಿನಲ್ಲೋ?

ನಿಯಮ ಎಲ್ಲರಿಗೂ ಒಂದೇ ಎಂದು ಅಂದು ಹೇಳಿದವರಿದ್ದರು. ನಾವು ದಿನಾ ಕೇಳುವ ಮಾತು ಇದು. ದೂರದಿಂದ ಬರುವವನಿಗೂ ಬಾಗಿಲಲ್ಲಿ ನಿಂತವನಿಗೂ ಒಂದೇ ನಿಯಮವೆಂದರೆ ಅದು ಸಮಾನತೆಯಲ್ಲ, ಸಮಾನತೆಯ ಮುಖವಾಡ.

ಮೂರು ವರ್ಷಗಳ ನಂತರ, 1882ರಲ್ಲಿ, ಬ್ಲ್ಯಾಕ್‌ಬರ್ನ್ ರೋವರ್ಸ್ ಉತ್ತರ ಭಾಗದಿಂದ ಮೊದಲನೆಯದಾಗಿ ಅಂತಿಮ ಪಂದ್ಯಕ್ಕೆ ತಲುಪಿತು. ಮತ್ತೆ ಎದುರಾಳಿ ಓಲ್ಡ್ ಈಟೋನಿಯನ್ಸ್. ರೋವರ್ಸ್ 0-1ರಿಂದ ಸೋತಿತು. ಗೆದ್ದ ತಂಡದ ಆರ್ಥರ್ ಕಿನ್ನೇರ್ಡ್, ಅಂದರೆ ಮುಂದೆ ಲಾರ್ಡ್ ಕಿನ್ನೇರ್ಡ್ ಎನಿಸಿದವರು, ಹರ್ಷ ತಾಳಲಾರದೆ ಪ್ರೇಕ್ಷಕರೆದುರು ತಲೆ ಕೆಳಗಾಗಿ ನಿಂತರೆಂದು ಪ್ರಸಿದ್ಧಿ. ಕಿನ್ನೇರ್ಡ್ ದೊಡ್ಡ ಆಟಗಾರರು; ಒಂಬತ್ತು ಅಂತಿಮ ಪಂದ್ಯಗಳನ್ನು ಆಡಿ ಐದನ್ನು ಗೆದ್ದವರು. ವೃತ್ತಿಯಲ್ಲಿ ಬ್ಯಾಂಕಿನ ಒಡೆಯರು, ಫುಟ್‌ಬಾಲ್ ಸಂಘದ ಖಜಾಂಚಿಯೂ ಹೌದು. ಅವರ ಆಟವನ್ನು ನಾವು ಹಳಿಯುವುದಿಲ್ಲ. ಆದರೆ ಆಡುವವರೂ ಅವರೇ, ನಿಯಮ ಮಾಡುವವರೂ ಅವರೇ, ಹಣ ಇಡುವವರೂ ಅವರೇ ಎಂಬುದನ್ನು ಮರೆಯಬಾರದು.

ಆ ಹನ್ನೊಂದು ಮಂದಿ

1882-83ರ ಸಾಲಿಗೆ 84 ತಂಡಗಳು ಹೆಸರು ಕೊಟ್ಟವು. ಅವುಗಳಲ್ಲಿ ಒಂದು 1878ರಲ್ಲಿ ಎರಡು ಸಣ್ಣ ಕ್ಲಬ್ಬುಗಳು ಕೂಡಿ ಹುಟ್ಟಿದ ಬ್ಲ್ಯಾಕ್‌ಬರ್ನ್ ಒಲಿಂಪಿಕ್. ತನ್ನ ಊರಿನಲ್ಲೇ ರೋವರ್ಸಿನ ಮುಂದೆ ಬಡ ತಮ್ಮನಂತಿದ್ದ ತಂಡ. ಅದರ ಮೈದಾನಕ್ಕೆ ಪಕ್ಕದ ಮದ್ಯದಂಗಡಿಯ ಹೆಸರೇ ಅಂಟಿಕೊಂಡು ‘ಗೋಡೆಯ ತೂತು’ ಎಂಬರ್ಥದ ಹೆಸರಿತ್ತು.

ಆಟಗಾರರು ಯಾರು? ಡ್ಯೂಹರ್ಸ್ಟ್, ಆಸ್ಟ್ಲಿ, ಯೇಟ್ಸ್ ನೇಕಾರರು. ಕಾಸ್ಟ್ಲಿ ನೂಲುವ ಖಾತೆಯವರು. ವಾರ್ಡ್ ಹತ್ತಿಯ ಯಂತ್ರ ನಡೆಸುತ್ತಿದ್ದವರು. ಗಿಬ್ಸನ್ ಕಬ್ಬಿಣದ ಎರಕದ ಕೆಲಸದವರು. ತಂಡದ ನಾಯಕ ವಾರ್ಬರ್ಟನ್ ನಲ್ಲಿ ಕೆಲಸದ ಮೇಸ್ತ್ರಿ. ಹ್ಯಾಕಿಂಗ್ ಹಲ್ಲಿನ ವೈದ್ಯರ ಸಹಾಯಕರು. ವಿಲ್ಸನ್ ಗುಮಾಸ್ತರು. ಮ್ಯಾಥ್ಯೂಸ್ ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದವರು. ತರಬೇತಿ ಕೊಡುತ್ತ ತಾನೂ ಆಡುತ್ತಿದ್ದ ಜಾಕ್ ಹಂಟರ್ ಮದ್ಯದಂಗಡಿ ನಡೆಸುತ್ತಿದ್ದರು; ಇಂಗ್ಲೆಂಡ್ ತಂಡಕ್ಕೂ ಆಡಿದ್ದ ಅನುಭವಿ. ಈ ಹನ್ನೊಂದು ಹೆಸರುಗಳನ್ನು ನಾವು ಬೇಕೆಂದೇ ಇಲ್ಲಿ ಅಚ್ಚು ಹಾಕಿದ್ದೇವೆ. ಕೋಟಿಗಟ್ಟಲೆ ಹಣ ಸುರಿದ ಧಾರಾವಾಹಿಯಲ್ಲಿ ಜಾಗ ಸಿಗದವರಿಗೆ ನಮ್ಮ ಪುಟದಲ್ಲಾದರೂ ಜಾಗವಿರಲಿ.

ಆಕ್ರಿಂಗ್ಟನ್, ಲೋವರ್ ಡಾರ್ವೆನ್, ಚರ್ಚ್ ಮುಂತಾದ ನೆರೆಹೊರೆಯ ಊರುಗಳ ತಂಡಗಳನ್ನೂ ವೇಲ್ಸಿನ ಡ್ರೂಯಿಡ್ಸ್ ತಂಡವನ್ನೂ ದಾಟಿ ಒಲಿಂಪಿಕ್ ಮುಂದೆ ಬಂದಿತು. ಉಪಾಂತ್ಯಕ್ಕೆ ಮೊದಲು ಹಂಟರ್ ಆಟಗಾರರನ್ನು ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿಗೆ ಕರೆದುಕೊಂಡು ಹೋಗಿ ಕೆಲವು ದಿನ ಇರಿಸಿದರು. ಬೆಳಿಗ್ಗೆ ಮರಳಿನ ಮೇಲೆ ದೂರ ನಡಿಗೆ, ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಊಟ, ಅಭ್ಯಾಸ, ನಿದ್ರೆ. ಗಿರಣಿಯ ಹತ್ತಿ ಧೂಳು ಕುಡಿದ ಎದೆಗಳಿಗೆ ಸಮುದ್ರದ ಗಾಳಿ. ಕಪ್ ಪಂದ್ಯಕ್ಕಾಗಿ ಹೀಗೆ ಒಂದೆಡೆ ಕೂಡಿ ಸಿದ್ಧತೆ ನಡೆಸುವುದು ಅಂದಿಗೆ ಹೊಸ ವಿಚಾರ. ಮಾರ್ಚ್ 17ರಂದು ಮ್ಯಾಂಚೆಸ್ಟರಿನಲ್ಲಿ, ಎರಡು ವರ್ಷದ ಹಿಂದೆ ಕಪ್ ಗೆದ್ದಿದ್ದ ಓಲ್ಡ್ ಕಾರ್ತೂಸಿಯನ್ಸಿನ ಮೇಲೆ ಒಲಿಂಪಿಕ್ 4-0ರಿಂದ ಜಯ ಸಾಧಿಸಿತು.

1883ರ ಮಾರ್ಚ್ 31. ಓವಲ್ ಮೈದಾನ. ಎಂಟು ಸಾವಿರ ಪ್ರೇಕ್ಷಕರು. ಒಂದು ಕಡೆ ಹಿಂದಿನ ವರ್ಷದ ವಿಜೇತರಾದ ಓಲ್ಡ್ ಈಟೋನಿಯನ್ಸ್. ಅವರಲ್ಲಿ ಕಿನ್ನೇರ್ಡ್, ಮುಂದೆ ಎಡಿನ್‌ಬರೋದಲ್ಲಿ ಲ್ಯಾಟಿನ್ ಪ್ರಾಧ್ಯಾಪಕರಾದ ಗುಡ್‌ಹಾರ್ಟ್, ಮುಂದೆ ಸ್ವಂತ ಶಾಲೆ ಕಟ್ಟಿದ ಡನ್. ಇನ್ನೊಂದು ಕಡೆ ಗಿರಣಿಯವರು. ಗುಡ್‌ಹಾರ್ಟ್ ಮೊದಲ ಗೋಲು ಹೊಡೆದರು. ವಿರಾಮದ ನಂತರ ಮ್ಯಾಥ್ಯೂಸ್ ಸರಿಗಟ್ಟಿದರು. ಡನ್ ಪೆಟ್ಟು ತಿಂದು ಹೊರಗೆ ಹೋದ ಮೇಲೆ ಈಟನ್ನಿನವರು ಹತ್ತು ಮಂದಿಯಾದರು. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ನಿಗದಿಯ ಸಮಯದಲ್ಲಿ 1-1. ಹೆಚ್ಚಿನ ಅರ್ಧ ಗಂಟೆಯಲ್ಲಿ ಸಿರಿವಂತರ ಕಾಲು ಸೋತವು. ಬ್ಲ್ಯಾಕ್‌ಪೂಲಿನ ಮರಳು ತುಳಿದ ಕಾಲುಗಳು ಓಡುತ್ತಲೇ ಇದ್ದವು. ಗೆಲುವಿನ ಗೋಲು ಹೊಡೆದವರು ನೂಲುವ ಕಾಸ್ಟ್ಲಿ. ಒಲಿಂಪಿಕ್ 2, ಓಲ್ಡ್ ಈಟೋನಿಯನ್ಸ್ 1.

ಎದುರಾಳಿ ಒಬ್ಬ ಕಡಿಮೆಯಾದದ್ದರಿಂದ ಗೆದ್ದರು ಎನ್ನುವವರಿಗೆ ಒಂದು ಮಾತು. ಈಟನ್ನಿನವರು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರೇ ನುಗ್ಗುವ ಆಟದವರು. ಒಲಿಂಪಿಕ್‌ನವರು ಮೈದಾನದ ಈ ಬದಿಯಿಂದ ಆ ಬದಿಗೆ ಉದ್ದನೆಯ ಪಾಸು ಕೊಟ್ಟು ಎದುರಾಳಿಯನ್ನು ಓಡಿಸಿ ದಣಿಸಿದರು. ಒಬ್ಬನ ಕೈಚಳಕಕ್ಕಿಂತ ಹನ್ನೊಂದು ಮಂದಿಯ ಕೂಡುಕೆಲಸ ಹೆಚ್ಚೆಂದು ತೋರಿಸಿದರು. ಒಂದು ಎಳೆ ಕಡಿದರೆ ಇಡೀ ಬಟ್ಟೆ ಕೆಡುತ್ತದೆಂದು ಬಲ್ಲವರಿಗೆ ಇದನ್ನು ಯಾರು ಕಲಿಸಬೇಕು? ಕಪ್ಪು ಇನ್ನು ಲಂಡನ್ನಿಗೆ ಹಿಂದಿರುಗದೆಂದು ವಾರ್ಬರ್ಟನ್ ಊರವರಿಗೆ ಹೇಳಿದರೆಂದು ಪ್ರತೀತಿ. ಹೇಳಿದಂತೆಯೇ 1901ರಲ್ಲಿ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಗೆಲ್ಲುವವರೆಗೆ ಲಂಡನ್ನಿನ ಯಾವ ತಂಡಕ್ಕೂ ಅದು ದಕ್ಕಲಿಲ್ಲ.

ಮಡಿಯ ಮಾತು

ಸೋತ ಮೇಲೆ ಉಳ್ಳವರಿಗೆ ಧರ್ಮ ನೆನಪಾಯಿತು. ಕೆಲಸದ ದಿನಗಳಲ್ಲಿ ಕಡಲತೀರಕ್ಕೆ ಹೋಗಿ ಕುಳಿತ ಈ ಕೂಲಿಗಳಿಗೆ ಹಣವೆಲ್ಲಿಂದ ಬಂತು? ಇವರಿಗೆ ಯಾರೋ ಸಂಬಳ ಕೊಡುತ್ತಿರಬೇಕು! ಆಟ ಆಟಕ್ಕಾಗಿ, ಹಣಕ್ಕಾಗಿ ಆಡುವುದು ಆಟಕ್ಕೆ ಕಳಂಕ! ಹೀಗೆ ಗದ್ದಲವೆದ್ದಿತು. 1884ರಲ್ಲಿ ರೋವರ್ಸಿನ ಬೆಂಬಲಿಗರು ಲಂಡನ್ನಿಗೆ ಬಂದಾಗ ‘ಪಾಲ್ ಮಾಲ್ ಗೆಜೆಟ್’ ಪತ್ರಿಕೆ ಅವರನ್ನು ಒರಟು ವೇಷದ, ಒರಟು ಮಾತಿನ ಉತ್ತರದ ದಂಡೆಂದು ಹಳಿಯಿತು.

ನಾವು ಕೇಳುತ್ತೇವೆ: ಹಣವಿಲ್ಲದೆ ಆಡುವ ಶುದ್ಧತೆ ಯಾರಿಗೆ ಸಾಧ್ಯ? ಹಣ ಆಗಲೇ ಇರುವವನಿಗೆ. ಶನಿವಾರ ಬೆಳಿಗ್ಗೆಯೇ ಮಗ್ಗ ಬಿಟ್ಟು ರೈಲು ಹತ್ತುವ ನೇಕಾರ ಅರ್ಧ ದಿನದ ಪಗಾರ ಕಳೆದುಕೊಳ್ಳುತ್ತಾನೆ. ಆ ಕಳೆದ ಪಗಾರವನ್ನು ತುಂಬಿಕೊಟ್ಟರೆ ಅದು ಲಾಭವೇ? ಗಾಯಗೊಂಡು ವಾರ ಮಲಗಿದರೆ ಬ್ಯಾಂಕಿನ ಒಡೆಯನ ಮನೆಯಲ್ಲಿ ಒಲೆ ಆರುವುದಿಲ್ಲ. ನೂಲುವವನ ಮನೆಯಲ್ಲಿ ಆರುತ್ತದೆ. ಈ ಮಡಿಯ ಮಾತು ಆಟವನ್ನು ಕಾಯಲು ಹುಟ್ಟಿದ್ದಲ್ಲ, ಬಾಗಿಲನ್ನು ಕಾಯಲು ಹುಟ್ಟಿದ್ದು.

ಇದು ನಮ್ಮ ಕಲ್ಪನೆಯೆನ್ನುವವರು ಅದೇ ಕಾಲದ ದೋಣಿ ಪಂದ್ಯಗಳ ನಿಯಮ ನೋಡಲಿ. ಹೆನ್ಲಿಯ ಪ್ರಸಿದ್ಧ ಪಂದ್ಯಾವಳಿಯವರು 1879ರಲ್ಲಿ ಮಾಡಿದ ನಿಯಮದಂತೆ ಕೂಲಿಗಾಗಿ ದುಡಿಯುವ ಯಂತ್ರಕೆಲಸಗಾರ, ಕುಶಲಕರ್ಮಿ, ಕೂಲಿಯಾಳು ಇವರಾರೂ ಹವ್ಯಾಸಿ ಆಟಗಾರರಲ್ಲ. ಆಟಕ್ಕೆ ಒಂದು ಬಿಡಿಗಾಸು ಪಡೆಯದಿದ್ದರೂ ಅಷ್ಟೇ! ದೋಣಿಯಾಟದ ಸಂಘದವರು ಇನ್ನೂ ಮುಂದೆ ಹೋಗಿ, ಆಳುಗೆಲಸ ಮಾಡುವವರನ್ನೂ ಆ ಪಟ್ಟಿಗೆ ಸೇರಿಸಿದರು. ಹೊಟೇಲಿನಲ್ಲಿ ದುಡಿಯುವ ನಮ್ಮ ಸಹೋದರರು ಇದನ್ನು ಎರಡು ಬಾರಿ ಓದಬೇಕು. ತಟ್ಟೆ ಎತ್ತಿದ ಕೈ ಹುಟ್ಟು ಹಿಡಿಯಬಾರದು ಎಂಬುದೇ ಅದರ ಅರ್ಥ. ಆ ನಿಯಮ ಹೋದದ್ದು 1937ರಲ್ಲಿ. ಕ್ರಿಕೆಟ್ಟಿನ ಡಬ್ಲ್ಯು. ಜಿ. ಗ್ರೇಸ್ ಅವರನ್ನು ನೋಡಿ. 1873ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಲು 1,500 ಪೌಂಡು ಪಡೆದರು. ಆದರೂ ಅವರು ಹವ್ಯಾಸಿ, ಸಭ್ಯ ಗೃಹಸ್ಥ. ಅದೇ ಹಡಗಿನಲ್ಲಿ 170 ಪೌಂಡಿಗೆ ಹೋದವರು ವೃತ್ತಿಯವರು, ಕೂಲಿಗೆ ಆಡುವವರು. ಹಣ ಮೈಲಿಗೆಯಲ್ಲ, ಬಡವನು ಮುಟ್ಟಿದ ಹಣ ಮಾತ್ರ ಮೈಲಿಗೆ.

ಇಲ್ಲಿ ಒಂದು ಆಕ್ಷೇಪವನ್ನು ನೇರವಾಗಿ ಎದುರಿಸಬೇಕು. ಒಲಿಂಪಿಕ್‌ನವರನ್ನು ಬ್ಲ್ಯಾಕ್‌ಪೂಲಿಗೆ ಕಳುಹಿಸಲು ಹಣ ಕೊಟ್ಟವರು ಸಿಡ್ನಿ ಯೇಟ್ಸ್ ಎಂಬ ಎರಕದ ಕಾರ್ಖಾನೆಯ ಮಾಲಿಕರು. ಅವರು ಕೊಟ್ಟದ್ದು 100 ಪೌಂಡು. ಹಾಗಾದರೆ ಧಣಿಯ ದಾನ ಇದ್ದೇ ಇತ್ತಲ್ಲವೇ? ಇತ್ತು, ಮುಚ್ಚಿಡುವುದಿಲ್ಲ. ಆ ಹಣ ಒಳ್ಳೆಯ ಕೆಲಸಕ್ಕೆ ಹೋಯಿತೆಂದೂ ಒಪ್ಪುತ್ತೇವೆ. ಆದರೆ ಹಣ ಕೊಟ್ಟವರು ಗೋಲು ಹೊಡೆಯಲಿಲ್ಲ, ಹಕ್ಕನ್ನೂ ಕೊಡಲಿಲ್ಲ. ಆಡುವವನು ತನ್ನ ದುಡಿಮೆಯ ಬೆಲೆ ಕೇಳಬಹುದೆಂಬ ಹಕ್ಕು ಬಂದದ್ದು ಬೇರೆ ದಾರಿಯಿಂದ.

ಬೆದರಿಕೆಯಿಂದ ಬಂದ ಹಕ್ಕು

1884ರ ಜನವರಿಯಲ್ಲಿ ಲಂಡನ್ನಿನ ಅಪ್ಟನ್ ಪಾರ್ಕ್ ತಂಡ ಲ್ಯಾಂಕಾಷೈರಿನ ಪ್ರೆಸ್ಟನ್ ನಾರ್ತ್ ಎಂಡ್ ಮೇಲೆ ದೂರು ಕೊಟ್ಟಿತು. ಪ್ರೆಸ್ಟನ್ನಿನ ಮುಖ್ಯಸ್ಥರಾಗಿದ್ದ ವಿಲಿಯಂ ಸಡೆಲ್, ಸ್ವತಃ ಒಂದು ಗಿರಣಿಯ ಮ್ಯಾನೇಜರು, ಅಡ್ಡ ಮಾತಾಡದೆ ಹೌದು, ಕೊಡುತ್ತೇವೆ, ಬೇರೆಯವರೂ ಕೊಡುತ್ತಾರೆ ಎಂದು ಒಪ್ಪಿಬಿಟ್ಟರು. ಪ್ರೆಸ್ಟನ್ನನ್ನು ಪಂದ್ಯಾವಳಿಯಿಂದ ಹೊರಹಾಕಿದರು. ಸಂಘದವರು ನಿಯಮವನ್ನು ಇನ್ನೂ ಬಿಗಿ ಮಾಡಹೊರಟರು. ಆಗ ಉತ್ತರದ ಹತ್ತಾರು ಕ್ಲಬ್ಬುಗಳು ಸಭೆ ಸೇರಿ, ನಿಮ್ಮ ಸಂಘ ನಿಮಗಿರಲಿ, ನಾವು ಬೇರೆ ಬ್ರಿಟಿಷ್ ಫುಟ್‌ಬಾಲ್ ಸಂಘ ಕಟ್ಟುತ್ತೇವೆ ಎಂದು ಎದ್ದು ನಿಂತವು. ಪ್ರೇಕ್ಷಕರು ಎಲ್ಲಿದ್ದರು? ಉತ್ತರದಲ್ಲಿ. ಗೇಟಿನಲ್ಲಿ ಬೀಳುತ್ತಿದ್ದ ಪೆನ್ನಿಗಳು ಯಾರವು? ಗಿರಣಿಯವರವು. ಅವರು ಹೊರಟುಹೋದರೆ ಲಂಡನ್ನಿನವರ ಕೈಯಲ್ಲಿ ಉಳಿಯುವುದು ಬೆಳ್ಳಿಯ ಕಪ್ಪೊಂದೇ, ಆಟವಲ್ಲ. 1885ರ ಜುಲೈ 20ರಂದು ಸಂಘ ಮಣಿಯಿತು. ಸಂಬಳ ಪಡೆದು ಆಡುವುದು ಕಾನೂನುಬದ್ಧವಾಯಿತು.

ಮಣಿದ ರೀತಿಯನ್ನೂ ನೋಡಿ. ಕಪ್ ಪಂದ್ಯದಲ್ಲಿ ಆಡಬೇಕಾದ ವೃತ್ತಿ ಆಟಗಾರ ಮೈದಾನದಿಂದ ಆರು ಮೈಲಿಯೊಳಗೆ ಹುಟ್ಟಿರಬೇಕು, ಇಲ್ಲವೇ ಎರಡು ವರ್ಷ ವಾಸವಾಗಿರಬೇಕು. ಸಂಘದ ಯಾವ ಸಮಿತಿಯಲ್ಲೂ ಅವನು ಕೂರುವಂತಿಲ್ಲ. ಮೈದಾನಕ್ಕೆ ಬಿಟ್ಟರು, ಮೇಜಿನ ಹತ್ತಿರ ಬಿಡಲಿಲ್ಲ. ಇದೇ ಔದಾರ್ಯವೇ? ಇದೇ ಕರಗಿದ ಮನಸ್ಸೇ?

ಧಣಿಗಳ ಮನಸ್ಸು ತಾನಾಗಿ ಕರಗುವುದೆಂಬವರಿಗೆ ರಗ್ಬಿಯ ಕಥೆಯೇ ಉತ್ತರ. ಅದೇ ಉತ್ತರ ಇಂಗ್ಲೆಂಡಿನ ಗಣಿ-ಗಿರಣಿಗಳ ರಗ್ಬಿ ಆಟಗಾರರು ಸಂಬಳ ಕೇಳಲಿಲ್ಲ. ಆಡಲು ಹೋಗಿ ಕಳೆದುಕೊಂಡ ದಿನದ ಕೂಲಿಯಷ್ಟೇ ಕೊಡಿರೆಂದರು. ರಗ್ಬಿಯ ಒಡೆಯರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೊಟೇಲಿನಲ್ಲಿ 22 ಕ್ಲಬ್ಬುಗಳು ಬೇರೆ ಸಂಘ ಕಟ್ಟಿಕೊಂಡು ದಿನಕ್ಕೆ ಆರು ಶಿಲಿಂಗಿನವರೆಗೆ ಕೊಡಲು ತೊಡಗಿದವು. ಹಳೆಯ ಸಂಘ ಅವರಿಗೆ ಬಾಗಿಲು ಮುಚ್ಚಿ ಕುಳಿತಿತು. ಆ ಸಂಘದಲ್ಲಿ ಸಂಬಳದ ಆಟಕ್ಕೆ ಬಾಗಿಲು ತೆರೆದದ್ದು 1995ರ ಆಗಸ್ಟಿನಲ್ಲಿ. ಸರಿಯಾಗಿ ನೂರು ವರ್ಷ! ಒತ್ತಾಯವಿಲ್ಲದೆಡೆ ಕರುಣೆ ಎಷ್ಟು ಬೇಗ ಹುಟ್ಟುತ್ತದೆಂಬುದಕ್ಕೆ ಇದೇ ಲೆಕ್ಕ.

ಗೆಲುವಿನ ನಂತರ ಎಲ್ಲವೂ ಸುಖವಾಯಿತೆಂದೂ ನಾವು ಹೇಳುವುದಿಲ್ಲ. ಸಂಬಳ ಬಂದ ಮೇಲೆ ಹೆಚ್ಚು ಸಂಬಳ ಕೊಡಬಲ್ಲ ಕ್ಲಬ್ಬು ಮೇಲಾಯಿತು. ರೋವರ್ಸ್ 1884, 1885, 1886ರಲ್ಲಿ ಸತತ ಮೂರು ಬಾರಿ ಕಪ್ ಗೆದ್ದಿತು. 1888ರಲ್ಲಿ ಹನ್ನೆರಡು ಕ್ಲಬ್ಬುಗಳ ಲೀಗ್ ಶುರುವಾದಾಗ ಬ್ಲ್ಯಾಕ್‌ಬರ್ನಿನಿಂದ ಕರೆದದ್ದು ರೋವರ್ಸನ್ನು ಮಾತ್ರ. ಹಣವಿಲ್ಲದ ಒಲಿಂಪಿಕ್ 1889ರಲ್ಲಿ ಮುಚ್ಚಿಹೋಯಿತು. ಕ್ಲಬ್ಬುಗಳ ಹೊಸ ಒಡೆಯರೂ ಒಡೆಯರೇ. 1901ರಲ್ಲಿ ಆಟಗಾರನಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಮಿತಿ ಹಾಕಿದರು. ಆ ಮಿತಿಯ ಪದ್ಧತಿ 1961ರಲ್ಲಿ ಹೋಯಿತು. ಅದೂ ಜಿಮ್ಮಿ ಹಿಲ್ ಅವರ ಮುಂದಾಳುತನದಲ್ಲಿ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ. ಒಂದು ಬಾರಿ ಗೆದ್ದರೆ ಸಾಲದು, ಸಂಘಟನೆ ಸಡಿಲವಾದ ದಿನವೇ ಕೈಗೆ ಬಂದದ್ದು ಜಾರುತ್ತದೆ.

ನಮಗೇನು ಸಂಬಂಧ?

ಬ್ಲ್ಯಾಕ್‌ಬರ್ನಿಗೂ ನಮಗೂ ಏನು ನಂಟು ಎಂದು ಕೇಳುವವರಿದ್ದಾರೆ. ನಂಟು ನೂಲಿನದು. ಆ ಊರಿನ ಮಗ್ಗಗಳಲ್ಲಿ ನೇಯುತ್ತಿದ್ದ ಮುಖ್ಯ ಸರಕೇ ಹಿಂದುಸ್ತಾನಕ್ಕೆ ಬರುವ ಧೋತರ. ಒಲಿಂಪಿಕ್‌ನ ನೇಕಾರರು ಕಪ್ ಗೆದ್ದ ಕಾಲದಲ್ಲಿ ನಮ್ಮ ಅಜ್ಜಂದಿರ ಸೊಂಟಕ್ಕೆ ಆ ಊರಿನ ಬಟ್ಟೆ ಸುತ್ತಿತ್ತು, ನಮ್ಮ ನೇಕಾರರ ಮಗ್ಗ ನಿಂತಿತ್ತು. ಹಾಗೆಂದು ಅಲ್ಲಿನ ನೇಕಾರ ನಮ್ಮ ವೈರಿಯಲ್ಲ. 1931ರಲ್ಲಿ ಗಾಂಧೀಜಿ ಅದೇ ಡಾರ್ವೆನ್ನಿಗೆ ಹೋದಾಗ, ವಿದೇಶಿ ಬಟ್ಟೆ ಬಹಿಷ್ಕಾರದಿಂದ ಪೆಟ್ಟು ತಿಂದ ಗಿರಣಿಯವರೇ ಅವರನ್ನು ಆದರದಿಂದ ಕಂಡರು. ಕಾಲಚಕ್ರ ಹೇಗೆ ತಿರುಗಿದೆ ನೋಡಿ: 2010ರ ನವೆಂಬರಿನಲ್ಲಿ ಅದೇ ಬ್ಲ್ಯಾಕ್‌ಬರ್ನ್ ರೋವರ್ಸನ್ನು ಕೊಂಡುಕೊಂಡದ್ದು ಪುಣೆಯ ಕೋಳಿ ಉದ್ಯಮದ ಒಂದು ಸಂಸ್ಥೆ. ಒಡೆಯರ ಊರು ಬದಲಾಯಿಸಬಹುದು. ಕ್ಲಬ್ಬು ಕಟ್ಟಿದವರ ವಂಶದವರು ಇಂದಿಗೂ ಟಿಕೇಟು ಕೊಂಡೇ ಒಳಗೆ ಹೋಗುತ್ತಾರೆ.

ಇನ್ನೊಂದು ನಂಟು ಸಮಯದ್ದು. ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ತಿರುಗಿ ನಿಂತ 1884ರಲ್ಲೇ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರ ಸಭೆ ಸೇರಿಸಿ, 5,500 ಸಹಿಗಳ ಮನವಿಯಲ್ಲಿ ಭಾನುವಾರದ ರಜೆ ಕೇಳಿದರು. ಆ ರಜೆ ಬಂದದ್ದು 1890ರ ಜೂನ್ 10ರಂದು, ಹತ್ತು ಸಾವಿರ ಕಾರ್ಮಿಕರ ಸಭೆ ನಡೆದ ಮೇಲೆ. ಅಲ್ಲಿ ಶನಿವಾರದ ಅರ್ಧ ದಿನ, ಇಲ್ಲಿ ಭಾನುವಾರ. ಎರಡನ್ನೂ ಮಾಲಿಕರು ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಆ ಭಾನುವಾರದ ಬಿಡುವಿನಲ್ಲೇ ನಮ್ಮವರ ಭಜನೆ, ನಾಟಕ, ಯಕ್ಷಗಾನ, ಸಂಘದ ಸಭೆ, ಮೈದಾನದ ಆಟ ಎಲ್ಲವೂ ಬೆಳೆದವು. ಹಗಲು ಹೊಟೇಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರಿಗೆ ಎರಡು ಗಂಟೆಯ ಬೆಲೆ ಗೊತ್ತು.

ನಮ್ಮವರಿಗೆ ಆಟ ಬಾರದೆನ್ನುವವರಿಗೂ ಉತ್ತರವಿದೆ. 1891ರಲ್ಲಿ ಮುಂಬಯಿಯಲ್ಲಿ ಶುರುವಾದ ರೋವರ್ಸ್ ಕಪ್ಪನ್ನು ದಶಕಗಳ ಕಾಲ ಬ್ರಿಟಿಷ್ ಸೈನಿಕ ತಂಡಗಳೇ ಎತ್ತುತ್ತಿದ್ದವು. 1937ರಲ್ಲಿ ಅದನ್ನು ಅವರಿಂದ ಕಸಿದ ಮೊದಲ ಭಾರತೀಯ ತಂಡ ನಮ್ಮ ನಾಡಿನ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದರು.

ಆದ್ದರಿಂದ ಬಂಧುಗಳೇ, ನಾವು ಹೇಳುವುದಿಷ್ಟು. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿ ಅವುಗಳ ಜಾಗದಲ್ಲಿ ಮಾಲುಗಳೂ ಗೋಪುರಗಳೂ ಎದ್ದಿವೆ. ಆಡುವ ಮಕ್ಕಳಿಗೆ ಬಯಲು ಕಿರಿದಾಗಿದೆ. ಹೊಟೇಲುಗಳಲ್ಲಿ ವಾರದ ರಜೆ ಕಾನೂನಿನ ಪುಸ್ತಕದಲ್ಲಿದ್ದರೂ ಎಷ್ಟೋ ಕಡೆ ಕೆಲಸಗಾರನ ಕೈಗೆ ಬಂದಿಲ್ಲ. ಕೇಳಿದವನಿಗೆ ‘ಧಣಿಗಳ ದೊಡ್ಡ ಮನಸ್ಸು ಬರಲಿ’ ಎಂಬ ಉತ್ತರ. ಆ ಮನಸ್ಸಿಗಾಗಿ ಕಾದು ಕೂರಬೇಡಿ. ರಜೆಯನ್ನು ದಾಖಲೆ ಪುಸ್ತಕದಲ್ಲಿ ಬರೆಯಿಸಿಕೊಳ್ಳಿ. ತಪ್ಪಿದ ರಜೆಯ ದಿನಾಂಕವನ್ನು ಗುರುತು ಹಾಕಿಟ್ಟು ಸಂಘಕ್ಕೆ ತಿಳಿಸಿ. ಒಬ್ಬರೇ ಹೋಗಿ ಕೇಳಬೇಡಿ. ಅಡಿಗೆಯವರು, ಬಡಿಸುವವರು, ತಟ್ಟೆ ತೊಳೆಯುವವರು ಕೂಡಿ ಹೋಗಿ. ಆ ದಿನ ಕೈಗೆ ಬಂದ ಮೇಲೆ ಅದರಲ್ಲಿ ಆಡುವಿರೋ, ಓದುವಿರೋ, ಸುಮ್ಮನೆ ಮಲಗುವಿರೋ ಅದು ನಿಮ್ಮ ಇಚ್ಛೆ. ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಧಾರಾವಾಹಿಯನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ನೋಡಿ, ಆನಂದಪಡಿ. ನೋಡುವಾಗ ಮಕ್ಕಳು ಪಕ್ಕದಲ್ಲಿದ್ದರೆ ಒಂದು ಮಾತು ಸೇರಿಸಿ ಹೇಳಿ: ಆ ತಂಡದ ಹೆಸರು ಬ್ಲ್ಯಾಕ್‌ಬರ್ನ್ ಒಲಿಂಪಿಕ್, ಗೆಲುವಿನ ಗೋಲು ಹೊಡೆದವರು ನೂಲುವ ಕೆಲಸದ ಕಾಸ್ಟ್ಲಿ, ಅವರಿಗೆ ಕಪ್ಪನ್ನು ಯಾರೂ ದಾನ ಕೊಡಲಿಲ್ಲ.